ಬೈಬಲಿಗೆ ಕಾವಲಿರುವ ಕಿವಿ
ಮುಂದಿನ ಬೆಂಚಿನ ಅಜ್ಜಿ ಚರ್ಚಿಗೆ ಬಂದು ನಿದ್ದೆ ಹೊಡೆಯುತ್ತಾಳೆಂಬ ಸುದ್ದಿ ಶುದ್ಧ ಸುಳ್ಳು. ದೃಷ್ಟಿ ಹೋದ ಮೇಲೆ ಆಕೆ ಕಿವಿಯಿಂದಲೇ ಬೈಬಲಿಗೆ ಕಾವಲಿದ್ದಾಳೆ. ಪಾದ್ರಿಯವರು ಒಂದು ಪದ ನುಂಗಿದರೂ ಊರುಗೋಲು ನೆಲಕ್ಕೆ ಬಡಿಯುತ್ತದೆ, ಅವರು ಮತ್ತೆ ಓದಬೇಕು. "ಸಾವಿರಾರು ವರ್ಷ ಕೈಯಲ್ಲೇ ನಕಲು ಮಾಡಿದ್ದು, ಬದಲಾಗದೆ ಇರುತ್ತಾ ಅತ್ತೆ?" ಎಂದು ಅಳಿಯ ಕೆಣಕಿದರೆ, "ಬರೆಯೋರ ಕಣ್ಣು ತಪ್ಪಿರಬಹುದು ಅಳಿಯಂದಿರೇ, ಕೇಳೋರೆಲ್ಲ ಕಿವುಡರಾಗಿದ್ರಾ? ನನ್ನಂಥ ಮುದುಕಿಯರು ಆಗಲೂ ಇದ್ರು!" ಎನ್ನುತ್ತಾಳೆ. ಅವಳ ಮಗ ತೀರಿಕೊಂಡ ವಾರ, ಮನೆಯಲ್ಲಿ ಬೈಬಲ್ ಓದುತ್ತಿದ್ದ ಸೊಸೆ, ಅರಸನೊಬ್ಬ ಸತ್ತ ಮಗನಿಗಾಗಿ ಗೋಳಿಡುವ ಸಾಲನ್ನು ಮೆಲ್ಲನೆ ಹಾರಿಸಿದಳು. "ಅದನ್ನೂ ಓದಮ್ಮ. ನಮ್ಮ ದುಃಖಕ್ಕೆ ಒಂದು ಸಾಲು ಬಿಟ್ರೆ, ನಾಳೆ ಇನ್ನೊಬ್ಬರ ದುಃಖಕ್ಕೆ ಇನ್ನೊಂದು ಹೋಗುತ್ತೆ," ಎಂದಳು ಅಜ್ಜಿ. ಸೊಸೆ ಅಳುತ್ತಲೇ ಓದಿದಳು. ಈಗ ಅಜ್ಜಿಯ ಕಿವಿ ಮಂದವಾಗಿದೆ. ಊರುಗೋಲು ಬಡಿಯುವವಳು ಸೊಸೆ.