ಆಯಾರಕ್ಕೆ ಹೋದ ರಟ್ಟು

ಬನಹಟ್ಟಿಯ ತಾರವ್ವ ಟೇಪಿಗೆ ಕೆಲಸ ಕೊಡದ ಟೇಲರ್. ಟೇಪು ಇಲ್ಲವೆಂದಲ್ಲ, ಗಿರಾಕಿಗಳಿಗೆ ಧೈರ್ಯ ಬರಲೆಂದು ಅದು ಸದಾ ಕೊರಳಲ್ಲಿ ನೇತಾಡುತ್ತದೆ. ಹೆಣ್ಣುಮಕ್ಕಳ ಫ್ರಾಕು ಹೊಲಿಯುವಾಗ ಮಾತ್ರ ಆಕೆ ನಂಬುವುದು ಒಂದು ರಟ್ಟನ್ನು.

ನೂಲಿನ ಕೋನು ತುಂಬಿ ಬರುವ ಪೆಟ್ಟಿಗೆಯಿಂದ ಕತ್ತರಿಸಿಕೊಂಡ ಮಾಮೂಲಿ ರಟ್ಟು ಅದು. ಮಗಳು ಉಜ್ವಲಾಗೆ ವರ್ಷ ತುಂಬಿದಾಗ ಹೊಲಿದ ಫ್ರಾಕಿನ ಮೈಭಾಗದ ಗೆರೆ ಎಲ್ಲಕ್ಕಿಂತ ಒಳಗಿದೆ. ಮರುವರ್ಷದ ಗೆರೆ ಅದರ ಆಚೆಗೆ, ಅದರ ಮರುವರ್ಷದ್ದು ಇನ್ನೂ ಆಚೆಗೆ. ಮಗಳು ಬೆಳೆದಂತೆ ಗೆರೆಗಳೂ ಸರಿಯುತ್ತ ಹೋಗಿ, ಆಕೆ ಐದನೇತ್ತೆಗೆ, ಅಂದರೆ ಐದನೇ ಕ್ಲಾಸಿಗೆ, ಬರುವ ಹೊತ್ತಿಗೆ ರಟ್ಟು ಮುಗಿಯಿತು. ಗೆರೆಗಳ ಉದ್ದಕ್ಕೂ ದಬ್ಬಣದ ತೂತುಗಳು. ಬಟ್ಟೆಯ ಮೇಲೆ ರಟ್ಟಿಟ್ಟು, ಬೇಕಾದ ಗೆರೆಯ ಮೇಲೆ ಚಾಕ್‌ಪುಡಿಯ ಗಂಟು ಬಡಿದರೆ ಕೆಳಗೆ ಚುಕ್ಕಿ ಮೂಡುತ್ತದೆ. ಕತ್ತರಿ ಆ ಚುಕ್ಕಿಗಳ ಬೆನ್ನು ಹತ್ತುತ್ತದೆ. ಒಂದೇ ರಟ್ಟು, ತೊಟ್ಟಿಲ ಕೂಸಿನಿಂದ ಜಡೆ ಹಾಕುವ ಹುಡುಗಿಯವರೆಗೆ ಎಲ್ಲರಿಗೂ.

ಓಣಿಯ ತಾಯಂದಿರು ವಯಸ್ಸು ಹೇಳುವುದಿಲ್ಲ. "ನಮ್ಮಾಕಿ ಸೊರಗ್ಯಾಳ್ಬೇ ತಾರವ್ವಾ, ಉಜ್ವಲಾ ಒಂದನೇತ್ತಾ ಇದ್ದಾಗಿನ ಗೆರಿ ಹಚ್ಚು" ಎನ್ನುತ್ತಾರೆ. ಉಜ್ವಲಾ ಮದುವೆಯಾಗಿ ಮುಧೋಳ ಸೇರಿ ಎಷ್ಟೋ ಕಾಲವಾಯಿತು. ಓಣಿಯ ಮಕ್ಕಳು ಮಾತ್ರ ಇನ್ನೂ ಆಕೆಯ ಬಾಲ್ಯದಲ್ಲೇ ಬೆಳೆಯುತ್ತಿದ್ದಾರೆ.

ಈಚೆಗೆ ರೆಡಿಮೇಡಿನವರು ತಾರವ್ವನ ಹೊಟ್ಟೆಗೇ ಕತ್ತರಿ ಹಾಕಿದ್ದರು. ಅಂಥದ್ದರಲ್ಲಿ ರಬಕವಿಯ ಒಂದು ಸಾಲೆಯಿಂದ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಕುಣಿಯುವ ಹುಡುಗಿಯರಿಗೆಲ್ಲ ಫ್ರಾಕು ಹೊಲಿಯುವ ಆರ್ಡರು ಬಂತು. "ಮೈಗೆ ಸರಿ ಕುಂತ್ರ, ಮುಂದಿನ ವರ್ಷದ ಯುನಿಫಾರ್ಮೂ ನಿಮಗs ಕೊಡ್ತೀವಿ" ಅಂದರು ಕುಣಿತ ಕಲಿಸುವ ಅಕ್ಕೋರು. ತಾರವ್ವ ಖುಷಿಯಿಂದ ಬಟ್ಟೆ ಹಾಸಿ, ಮಷೀನಿನ ಹಿಂದೆ ಕೈ ಹಾಕಿದರೆ ರಟ್ಟಿಲ್ಲ.

"ಏನ್ರೀ, ಇಲ್ಲಿದ್ದ ರಟ್ಟ ಎಲ್ಲೈತಿ?"

ಗಂಡ ಗೂಳಪ್ಪ ಪಕ್ಕದ ಕೋಣೆಯಲ್ಲಿ ಮಗ್ಗ ನಿಲ್ಲಿಸಿ ಬಂದ. "ಯಾವ್ದು? ತೂತ ಬಿದ್ದದ್ದ? ಹುಳ ತಿಂದೈತಿ ಅಂತ ಮಾಡಿದ್ದೆ. ಸೀರಿ ಘಡಿ ಮಾಡೂಮುಂದ ಒಳಗ ಇಡಾಕ ಒಂದ ರಟ್ಟ ಕಮ್ಮಿ ಬಿತ್ತು. ಅಳತಿಗೆ ಬರೋಬ್ಬರಿ ಕುಂತ್ತು ನೋಡು!"

"ಅಳತಿಗೆ ಕುಂದ್ರದs ಏನ ಮಾಡೀತ್ರೀ? ಅದು ಅಳತೀನs!"

"ಹೋಗ್ಲಿ ಬಿಡು, ಇನ್ನೊಂದ ಮಾಡ್ಕೊ."

"ಉಜ್ವಲಾನ್ನ ಮತ್ತ ಕೂಸ ಮಾಡಿ ಕೊಡ್ರಿ, ಮಾಡ್ಕೋತೇನಿ."

ಗೂಳಪ್ಪ ಗಾಡಿಯ ಕೀಲಿ ತೆಗೆದುಕೊಂಡ, ತಾರವ್ವ ಹಿಂದೆ ಹತ್ತಿ ಕೂತಳು. ಗುಟ್ಟು ರಟ್ಟಾಗುವುದನ್ನು ಕೇಳಿದ್ದೇವೆ. ಇಲ್ಲಿ ರಟ್ಟೇ ಗುಟ್ಟಾಗಿ, ಹಸಿರು ದಡಿಯ ಟೊಮೆಟೊ ಬಣ್ಣದ ಸೀರೆಯೊಂದರೊಳಗೆ ಕೂತು ಜಮಖಂಡಿಯ ರಾಚಪ್ಪನ ಅಂಗಡಿಗೆ ಹೋಗಿತ್ತು. ಆ ಬಣ್ಣದ್ದು ಒಂದೇ ಇತ್ತಾದ್ದರಿಂದ ರಾಚಪ್ಪನಿಗೆ ನೆನಪಿತ್ತು. "ಸಾವಳಗಿ ಸಿದ್ದಕ್ಕ ಒಯ್ದಾಳ್ರಿ. ಉಡಾಕಂತೂ ಅಲ್ಲ, ಆಯಾರಕ್ಕ."

ಆಯಾರವೆಂದರೆ ಕಾರ್ಯಗಳಲ್ಲಿ ಕೊಡುವ ಉಡುಗೊರೆ. ಆಯಾರದ ಸೀರೆಯನ್ನು ನಮ್ಮ ಕಡೆ ಯಾರೂ ಉಡುವುದಿಲ್ಲ. ಮಡಿಸಿದ ಘಡಿ ಮುರಿಯದೆ ಟ್ರಂಕಿನಲ್ಲಿಟ್ಟು, ಮುಂದಿನ ಕಾರ್ಯಕ್ಕೆ ಮುಂದಿನವರಿಗೆ ದಾಟಿಸುತ್ತಾರೆ. ಬಸ್ಸಿಗಿಂತ ಹೆಚ್ಚು ಊರು ತಿರುಗಿದ ಸೀರೆಗಳಿವೆ. ಆಯಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳಬಾರದು.

ಸಾವಳಗಿಗೆ ಹೋಗಿ ತಾರವ್ವ ಕೇಳಿದಳು. ಸಿದ್ದಕ್ಕ ಮೊದಲು, "ಅಯ್ಯ, ಉಟ್ಟು ಒಗದೇನ್ಬೇ" ಅಂದಳು.

"ಹಂಗಾರ ಒಳಗಿನ ರಟ್ಟರ ಕೊಡ್ರಿ ಅಕ್ಕಾರ."

ಸಿದ್ದಕ್ಕ ಹೊಸ್ತಿಲಾಚೆ ಇಣುಕಿ, ದನಿ ತಗ್ಗಿಸಿದಳು. "ಬೀಳಗಿ ಗುರುಬಸವ್ವಗ ಕೊಟ್ಟೇನಿ, ಆಕಿ ಮೊಮ್ಮಗನ ಹೆಸರಿಡೂ ದಿನ. ಅಂಗಡಿಯಾಗ ಆರಿಸಿ ತಂದೇನಿ ಅಂತ ಹೇಳೇನಿ ಮತ್ತ. ಅಷ್ಟ ಮಾನ ಉಳಸು."

ಖರೆ ಅಂದರೆ, ಆಕೆ ಅಂಗಡಿಯಿಂದ ತಂದದ್ದು ಖರೆಯೇ ಆಗಿತ್ತು. ಆದರೂ ಸಿದ್ದಕ್ಕನನ್ನು ನಾಚಿಕೆ ಬಿಡಲಿಲ್ಲ.

ಬೀಳಗಿಯಲ್ಲಿ ಗುರುಬಸವ್ವ ಟ್ರಂಕು ತೆಗೆದಳು. ಸೀರೆ ಇತ್ತು. ತಾರವ್ವ ಕೈ ಚಾಚಿದರೆ ಆಕೆ ಅದನ್ನು ಎದೆಗೆ ಒತ್ತಿಕೊಂಡಳು. "ಬ್ಯಾಡ್ಬೇ ನಮ್ಮವ್ವಾ. ನಾಡಿದ್ದ ನಾದಿನಿಗೆ ಕೊಡಬೇಕು. ಘಡಿ ಮುರದದ್ದ ಕೊಟ್ರ, ಉಟ್ಟ ಬಿಟ್ಟದ್ದ ತಂದಾಳ ಅಂತಾರ."

ತಾರವ್ವನ ಮುಖ ನೋಡಲಾಗದೆ ಗೂಳಪ್ಪ ಮುಂದೆ ಬಂದ. "ತಂಗೀ, ಈ ಘಡಿ ಮಾಡಿದಾವ ನಾನs. ಬಿಚ್ಚಿ, ರಟ್ಟ ತಗದು, ಬ್ಯಾರೆ ರಟ್ಟ ಇಟ್ಟು ಹೆಂಗಿತ್ತೋ ಹಂಗ ಮಾಡಿ ಕೊಡ್ತೇನಿ. ನಾದಿನಿ ಅಲ್ಲ, ಸೀರಿಗೂ ಗೊತ್ತಾಗೂದಿಲ್ಲ."

ಗುರುಬಸವ್ವ ಒಲ್ಲದ ಮನಸ್ಸಿನಿಂದ ಸೀರೆ ಕೊಟ್ಟಳು. ಗೂಳಪ್ಪ ಒಂದೊಂದೇ ಮಡಿಕೆ ಬಿಡಿಸಿದ. ಕೊನೆಯ ಮಡಿಕೆಯಿಂದ ರಟ್ಟು ಜಾರಿತು. ತಾರವ್ವ ಅದನ್ನು ಬೆಳಕಿಗೆ ಹಿಡಿದಳು. ಒಂದು ಮೂಲೆ ಬಾಗಿತ್ತು, ಗೆರೆಗಳು ನೆಟ್ಟಗಿದ್ದವು. ಆಮೇಲೆ ಆಕೆ ಉಸಿರು ಬಿಟ್ಟಳು.

ಗುರುಬಸವ್ವ ಮಾತ್ರ ರಟ್ಟಿನ ಕಡೆ ನೋಡಲೇ ಇಲ್ಲ. ಸೆರಗಿನಲ್ಲಿ ಸಾಲಾಗಿ ನವಿಲುಗಳಿದ್ದವು. ಘಡಿಯೊಳಗೆ ಅವು ಕಂಡಿರಲೇ ಇಲ್ಲ. ಟ್ರಂಕಿನ ತುಂಬ ಸೀರೆ ಇದ್ದ ಆ ಹೆಂಗಸು ಒಂದರದಾದರೂ ಸೆರಗು ಬಿಡಿಸಿ ನೋಡಿರಲಿಲ್ಲ. ಸುಮ್ಮನೆ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

ಗೂಳಪ್ಪ ಘಡಿ ಮಾಡಲು ಎರಡೂ ಕೈ ಚಾಚಿ ಕಾಯುತ್ತಿದ್ದ. "ಕೊಡ್ರಿ ತಂಗೀ."

"ಇರ್ಲಿ ಬಿಡ್ರಿ ಅಣ್ಣಾರ" ಅಂದಳು ಗುರುಬಸವ್ವ, ಕನ್ನಡಿ ಬಿಡದೆ. "ನಾದಿನಿ ಭಾಳ ಕರ್ರಗದಾಳ. ಆಕಿಗೆ ಈ ಬಣ್ಣ ಒಪ್ಪೂದಿಲ್ಲ."

ಫ್ರಾಕುಗಳು ಗ್ಯಾದರಿಂಗಿನ ಹಿಂದಿನ ದಿನ ಮುಗಿದವು. ಹುಡುಗಿಯರು ಕುಣಿದರು; ಯಾವ ಹೊಲಿಗೆಯೂ ಬಿಚ್ಚಲಿಲ್ಲ. ಯುನಿಫಾರ್ಮಿನ ಬಟ್ಟೆ ಈಗ ತಾರವ್ವನ ಮನೆಯಲ್ಲಿ ಗೋಡೆಗೆ ಒರಗಿ ಕೂತಿದೆ. ಬದಲಾದವನು ಗೂಳಪ್ಪ. ಸೀರೆಗೆ ರಟ್ಟು ಬೇಕಾದಾಗಲೆಲ್ಲ ಒಂದೊಂದನ್ನೂ ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ತಿರುವಿ, ಒಳಗೆ ಕೂಗುತ್ತಾನೆ:

"ಲೇ, ಇದು ಯಾರs?"

"ಯಾರೂ ಅಲ್ರೀ. ಬರೇ ರಟ್ಟು."