ನೋಂದಣಿ ಇಲ್ಲದ ತಿಂಗಳುಗಳು

ಮಕ್ತಲ್‌ನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೆ. ಆ ವರ್ಷ ನನ್ನ ನರ್ಸಿಂಗ್ ನೋಂದಣಿಯ ಅವಧಿ ಮುಗಿದಿತ್ತು. ನವೀಕರಣದ ಶುಲ್ಕ, ತಡವಾಗಿದ್ದಕ್ಕೆ ದಂಡ, ಹೈದರಾಬಾದಿಗೆ ಹೋಗಿಬರುವ ಖರ್ಚು ಸೇರಿದರೆ ಒಂದು ತಿಂಗಳ ಪಗಾರ ಮೀರುತ್ತಿತ್ತು. ಮಗಳ ಶಾಲೆಗೆ ಕಟ್ಟಿದ ಮೇಲೆ ಕೈಯಲ್ಲಿ ಅಷ್ಟು ಉಳಿದಿರಲಿಲ್ಲ.

"ಹೊಸ ಕಾಗದ ಬರೋತನಕ ಸೂಜಿ ಮುಟ್ಟಬ್ಯಾಡ್ರಿ," ಎಂದು ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಅಂದಿನಿಂದ ಆಯಾಗಳ ಪಗಾರಕ್ಕೆ ಹಾಸಿಗೆ ಬದಲಿಸುತ್ತಿದ್ದೆ.

ಎರಡನೇ ತಿಂಗಳು ನಾರಾಯಣಪೇಟೆಯಿಂದ ಅವ್ವನನ್ನು ಕರೆತಂದರು. ವಾಂತಿಭೇದಿಯಾಗಿ ಆಕೆ ತೀರ ಸೋತಿದ್ದಳು. ಮಗ್ಗದಲ್ಲಿ ಸವೆದ ಆ ಕೈಯಲ್ಲಿ ನರ ಸಿಗುವುದು ಕಷ್ಟ. ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ ಸಲೈನ್ ಹಾಕಲು ಮೂರು ಸಲ ಚುಚ್ಚಿದಳು. ನಾನು ಬೇಸಿನ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನರ ಎಲ್ಲಿದೆಯೆಂದು ನನಗೆ ಕಾಣುತ್ತಿತ್ತು.

"ನೀನ ಹಾಕಬಾರದೇನು?" ಎಂದಳು ಅವ್ವ.

"ನಾ ಹಾಕಂಗಿಲ್ಲವ್ವ."

"ಯಾಕ, ಮರ್ತಿಯೇನು?"

ದುಡ್ಡಿಲ್ಲದೆ ನೋಂದಣಿ ನಿಂತಿದ್ದನ್ನು ಹೇಳಲಾರದೆ ಹೌದೆಂದೆ. ಮಣಿಕಟ್ಟಿನ ಹತ್ತಿರ ನೋಡೆಂದು ಹುಡುಗಿಗೆ ಹೇಳಿದೆ. ನಾಲ್ಕನೇ ಸಲಕ್ಕೆ ಸೂಜಿ ಕೂತಿತು. ಅವ್ವ ಆಚೆ ಮುಖ ತಿರುಗಿಸಿ ಮಲಗಿದಳು. ನನಗೆ ಅಳು ಬರಲಿಲ್ಲ. ಬೇಸಿನ್ ತೊಳೆದಿಟ್ಟು ಪಕ್ಕದ ಹಾಸಿಗೆಯ ಚಾದರ ತೆಗೆದೆ.

ಮೂರನೇ ದಿನ ಆಕೆ ಹುಷಾರಾಗಿ ಊರಿಗೆ ಹೋದಳು. ಮರುವಾರ ನಾನು ಕಿವಿಯೋಲೆ ಮಾರಿ ಶುಲ್ಕ ಕಟ್ಟಿ ಬಂದೆ. ಕಾಗದ ಕೈಸೇರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಅದನ್ನು ನೋಡಿ ಡಾಕ್ಟರು, "ಇವತ್ತಿಂದ ಡ್ಯೂಟಿ ಮಾಡ್ರಿ," ಎಂದರು. ಆ ಮಧ್ಯಾಹ್ನ ಮುದುಕರೊಬ್ಬರಿಗೆ ಇಂಜೆಕ್ಷನ್ ಕೊಟ್ಟೆ. ಒಂದೇ ಸಲಕ್ಕೆ ಸೂಜಿ ಕೂತಿತು, ಆದರೂ ಸಂತೋಷವಾಗಲಿಲ್ಲ.