ಒಂದೇ ಕಂಪ್ಯೂಟರಿನಲ್ಲಿ ಇಬ್ಬರು

ಮನೆಯಲ್ಲಿ ನನ್ನನ್ನು ಅನುಮಾನಪ್ರಾಣಿ ಅಂತ ಕರೆಯುವುದು ಸುಮ್ಮನೆ ಅಲ್ಲ. ಕೊರೊನಾ ಕಾಲದಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಿಂದ ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದಿತ್ತು. ಗಂಡ ಮಾಮಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದ ರೊಟ್ಟಿಗಳನ್ನೂ ನಾನು ಬಿಚ್ಚಿ ಎಣಿಸುತ್ತಿದ್ದೆ.

ನನ್ನ ಕೆಲಸವೂ ಅದಕ್ಕೆ ತಕ್ಕದ್ದೇ. ನಮ್ಮ ಕಂಪನಿಯ ಸಾಫ್ಟ್‌ವೇರ್ ಅಲ್ಜೀರಿಯಾದ ಎರಡು ಬ್ಯಾಂಕುಗಳಲ್ಲಿತ್ತು, ಒಂದು ಸರ್ಕಾರಿ, ಒಂದು ಖಾಸಗಿ. ಅದು ಸರಿಯಾಗಿ ಓಡುತ್ತಿದೆಯೇ ಎಂದು ಮನೆಯಿಂದಲೇ ನೋಡಿಕೊಳ್ಳುತ್ತಿದ್ದೆ. ಖಾಸಗಿಯವರು ಚುರುಕು. ಸೋಂಕು ಶುರುವಾದ ಕೂಡಲೇ ಸಣ್ಣ ಊರುಗಳ ಶಾಖೆಗಳಿಗೆ ಬೀಗ ಹಾಕಿ, ಗ್ರಾಹಕರಿಗೆ ಮೊಬೈಲ್ ಆ್ಯಪ್ ತೋರಿಸಿಬಿಟ್ಟರು. ಸರ್ಕಾರಿಯವರು ಒಂದು ಪಾಸ್‌ವರ್ಡ್ ಬದಲಿಸಲೂ ದುಂಡು ಮೊಹರು ಒತ್ತಿದ ಕಾಗದ ಬೇಕೆನ್ನುವ ಜನ. ನನಗೆ ಯಾರ ಮೇಲೆ ಗುಮಾನಿ ಬಂದಿರಬೇಕು, ನೀವೇ ಹೇಳಿ.

ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಆಮೇಲೆಯೇ ಹಣ ಹೊರಡುವುದು. ಒಂದು ಮಧ್ಯಾಹ್ನ ನೋಡುತ್ತೇನೆ, ಸರ್ಕಾರಿ ಬ್ಯಾಂಕಿನ ಒಂದು ಪುಟ್ಟ ಶಾಖೆಯಲ್ಲಿ ನಮೂದಿಸುವ ಗುಮಾಸ್ತೆಯೂ ಒಪ್ಪುವ ಮ್ಯಾನೇಜರೂ ಒಂದೇ ಕಂಪ್ಯೂಟರಿನಿಂದ ಒಳಗೆ ಬಂದಿದ್ದಾರೆ! ಅದೂ ಒಂದು ದಿನವಲ್ಲ, ಹತ್ತು ದಿನದಿಂದ. ಫೋನ್ ಮಾಡಿದೆ. ಗುಮಾಸ್ತೆಯೇ ಎತ್ತಿಕೊಂಡರು.

"ನಿಮ್ಮ ಮ್ಯಾನೇಜರ್ ಇದ್ದಾರಾ?"

"ಇದ್ದಾರೆ. ಕೆಲಸದಲ್ಲಿದ್ದಾರೆ," ಅಂದರು ಫ್ರೆಂಚ್ ಬೆರೆತ ಇಂಗ್ಲಿಷಿನಲ್ಲಿ.

ಉತ್ತರಕ್ಕೆ ಮುಂಚೆ ಆಕೆ ಒಂದು ಕ್ಷಣ ತಡವರಿಸಿದ್ದೇ ನನಗೆ ಸಾಕಾಯಿತು.

"ಬಿಡೇ ಮಾರಾಯ್ತಿ, ನಿನಗ್ಯಾಕೆ ಊರ ಉಸಾಬರಿ? ಇನ್ನೊಂದ್ಸಲ ಸರಿಯಾಗಿ ಕೇಳ್ಬಾರ್ದಾ?" ಅಂದರು ಗಂಡ.

"ಕಳ್ಳರನ್ನ ಎರಡೆರಡು ಸಲ ಕೇಳ್ತಾರಾ?" ಅಂದೆ.

ಅವತ್ತೇ ಆ ಬ್ಯಾಂಕಿನ ಮುಖ್ಯ ಕಚೇರಿಗೆ ವರದಿ ಬರೆದೆ. ಮುಚ್ಚುವುದಕ್ಕೆ ಮಾತ್ರ ಮೊಹರು ಬೇಕಿರಲಿಲ್ಲ, ಅವರು ಸಂಜೆಯೊಳಗೆ ಮ್ಯಾನೇಜರ್ ಲಾಗಿನ್ ಮುಚ್ಚಿಸಿದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಆ ಗುಮಾಸ್ತೆಯೇ ವಿಡಿಯೋ ಕರೆ ಮಾಡಿದರು. ಮಾಸ್ಕಿನ ಮೇಲೆ ದಣಿದ ಕಣ್ಣು.

"ಮ್ಯಾನೇಜರ್ ತೀರಿಕೊಂಡು ಹನ್ನೆರಡು ದಿನ ಆಯ್ತು. ಬದಲಿಯವರನ್ನ ಕಳಿಸಿ ಅಂತ ಮೂರು ಸಲ ಬರೆದಿದ್ದೇನೆ. ಯಾರೂ ಬರಲಿಲ್ಲ, ಅವರ ಪಾಸ್‌ವರ್ಡ್ ಹಾಕಿ ನಾನೇ ಒಪ್ತಾ ಇದ್ದೆ. ಈ ಊರಲ್ಲಿ ಬಾಗಿಲು ತೆರೆದಿರೋದು ಇದೊಂದೇ ಬ್ಯಾಂಕು. ಇವತ್ತು ಪಿಂಚಣಿ ದಿನ. ನಿಜ ಹೇಳಿದ್ರೆ ಎಲ್ಲಾ ನಿಲ್ಲಿಸ್ತೀರಿ ಅಂತ ನಿಮಗೆ ಸುಳ್ಳು ಹೇಳಿದೆ."

ನನ್ನ ವರದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಒಪ್ಪುವುದಕ್ಕೆ ಬೇರೆಯವರಿಗೆ ಲಾಗಿನ್ ಕೊಡುವುದು ಮುಖ್ಯ ಕಚೇರಿಯ ಕೈಯಲ್ಲಿತ್ತು. ಮೊಹರಿನ ಕಾಗದ ಬಂದು ಕೆಲಸವಾಗಲು ಕಡಿಮೆಯೆಂದರೂ ನಾಲ್ಕು ದಿನ. ಅದನ್ನೇ ಹೇಳಿದೆ.

ಆಕೆ ಫೋನ್ ಹಿಡಿದುಕೊಂಡು ಬಾಗಿಲಿಗೆ ನಡೆದರು. ಗಾಜಿನಾಚೆ ದೂರ ದೂರ ನಿಂತ ಮುದುಕರ ಸಾಲು. ಬಾಗಿಲನ್ನು ಒಂದು ಗೇಣು ತೆರೆದು ಫೋನನ್ನು ಅವರತ್ತ ತಿರುಗಿಸಿದರು. ಮುಂದಿದ್ದ ಅಜ್ಜ ನನ್ನನ್ನು ಹೊಸ ಮ್ಯಾನೇಜರ್ ಅಂದುಕೊಂಡರೋ ಏನೋ, ಎದೆಗೆ ಕೈಯಿಟ್ಟು ತಲೆಬಾಗಿ ಏನೋ ಕೇಳಿದರು.

"ಇವತ್ತು ಸಿಗುತ್ತಾ ಅಂತ ಕೇಳ್ತಿದ್ದಾರೆ. ನೀವೇ ಹೇಳಿ," ಅಂದರು ಆಕೆ.

"ನೋ," ಅಂದೆ, ಮೆಲ್ಲಗೆ.

"ಅವರಿಗೆ ಕಿವಿ ಮಂದ. ಗಟ್ಟಿಯಾಗಿ ಹೇಳಿ."